ವಿಜಯಪುರದಲ್ಲಿ ಒಂದು ದಿನ: ಯಾವುದನ್ನು ಮೊದಲು ನೋಡಬೇಕು?

ಪ್ರಶ್ನೆ: ವಯಸ್ಸಾದ ತಾಯಿಯವರೊಂದಿಗೆ ಒಂದು ದಿನದ ಮಟ್ಟಿಗೆ ವಿಜಯಪುರಕ್ಕೆ ಹೋಗಬೇಕೆಂದಿದ್ದೇನೆ. ಗೋಳಗುಮ್ಮಟವೊಂದನ್ನು ನೋಡಿದರೆ ಊರನ್ನೆಲ್ಲ ನೋಡಿದಂತೆಯೇ ಎಂದು ಕೆಲವರು ಹೇಳುತ್ತಾರೆ. ಇದು ನಿಜವೇ? ಹೆಚ್ಚು ಮೆಟ್ಟಿಲು ಹತ್ತಲಾರದವರಿಗೆ ಅಲ್ಲಿ ನೋಡಲು ಏನಿದೆ?

ಉತ್ತರ: ನಿಜವಲ್ಲ, ಆದರೂ ಗೋಳಗುಮ್ಮಟದಿಂದಲೇ ಆರಂಭಿಸಿ, ಅದೂ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ. ಮಹಮ್ಮದ್ ಆದಿಲ್ ಶಾಹನ ಈ ಸಮಾಧಿಯ ಮೇಲ್ಭಾಗದ ಗ್ಯಾಲರಿಯಲ್ಲಿ ಒಂದು ಬದಿಯ ಪಿಸುಮಾತು ಎದುರು ಬದಿಗೆ ಸ್ಪಷ್ಟವಾಗಿ ಕೇಳಿಸುತ್ತದೆಯಾದರೂ, ಪ್ರವಾಸಿಗರು ತುಂಬಿದ ಮೇಲೆ ಕೂಗು, ಸಿಳ್ಳೆಗಳ ಮರುದನಿಯಲ್ಲಿ ಅದು ಮುಳುಗಿಹೋಗುತ್ತದೆ. ಅಲ್ಲಿಗೆ ಮೂಲೆಯ ಗೋಪುರದೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳನ್ನೇ ಹತ್ತಬೇಕು. ತಾಯಿಯವರು ಕೆಳಗೇ ಉಳಿದರೂ ಚಿಂತೆಯಿಲ್ಲ. ನಡುವೆ ಒಂದೂ ಕಂಬವಿಲ್ಲದೆ, ಪರಸ್ಪರ ಹಾಯ್ದುಹೋಗುವ ಎಂಟು ಕಮಾನುಗಳು ಸುಮಾರು 38 ಮೀಟರ್ ಒಳವ್ಯಾಸದ ಗುಮ್ಮಟವನ್ನು ಹೊತ್ತಿರುವ ಬಗೆಯು ನೆಲದಿಂದಲೇ ಚೆನ್ನಾಗಿ ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಮರುದನಿಗಿಂತ ದೊಡ್ಡ ಅಚ್ಚರಿ ಇದೇ.

ಅಲ್ಲಿಂದ ಟಾಂಗಾ ಅಥವಾ ಆಟೊ ಹಿಡಿದು ಬಾರಾ ಕಮಾನಿಗೆ ಹೋಗಿ. ಎರಡನೆಯ ಅಲಿ ಆದಿಲ್ ಶಾಹನ ಈ ಸಮಾಧಿ ಪೂರ್ಣಗೊಳ್ಳದೆ ಉಳಿದುದರಿಂದ, ಆಕಾಶಕ್ಕೆ ತೆರೆದ ಕಮಾನುಗಳಲ್ಲಿ ಕಟ್ಟಡದ ಅಸ್ಥಿಪಂಜರವನ್ನೇ ನೋಡಬಹುದು. ಮುಂದೆ ಪಶ್ಚಿಮದ ಕೋಟೆಗೋಡೆಯ ಮೇಲೆ ಮಲಿಕ್-ಎ-ಮೈದಾನ್ ತೋಪಿದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಬುರುಜಿನ ಮೆಟ್ಟಿಲು ಹತ್ತುವುದಾದರೆ ಮಾತ್ರ ನಿಲ್ಲಿ.

ಮಧ್ಯಾಹ್ನದ ಬಿಸಿಲು ಇಳಿದ ಮೇಲಿನ ಹೊತ್ತನ್ನೆಲ್ಲ ಕೋಟೆಯ ಹೊರಗಿರುವ ಇಬ್ರಾಹಿಂ ರೋಜಾಕ್ಕೆ ಮೀಸಲಿಡಿ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಸಮಾಧಿಯೂ ಮಸೀದಿಯೂ ಒಂದೇ ಜಗಲಿಯ ಮೇಲೆ ಎದುರುಬದುರಾಗಿ ನಿಂತಿವೆ. ಕಲ್ಲಿನ ಜಾಲಂಧ್ರಗಳಲ್ಲಿ ಅಕ್ಷರಗಳನ್ನೇ ಕೊರೆದಿರುವುದರಿಂದ ಬೆಳಕು ಬರಹದ ನಡುವಿನಿಂದ ಒಳಗೆ ಬರುತ್ತದೆ. ಸಮಾಧಿ ಕೋಣೆಯ ಚಾವಣಿಯನ್ನೂ ಗಮನಿಸಿ: ಚಪ್ಪಟೆ ಕಲ್ಲುಗಳನ್ನು ಅಂಚಿಗೆ ಅಂಚು ಜೋಡಿಸಿದ್ದಾರೆ, ಕೆಳಗೆ ಆಧಾರದ ತೊಲೆಯೇ ಇಲ್ಲ. ಜಗಲಿಗೆ ಏರಲು ಕೆಲವೇ ಮೆಟ್ಟಿಲುಗಳಿರುವುದರಿಂದ ತಾಯಿಯವರು ನಿಧಾನವಾಗಿ ಹತ್ತಬಹುದು. ಗಾತ್ರದಲ್ಲಿ ಗೋಳಗುಮ್ಮಟದ ಮುಂದೆ ಚಿಕ್ಕದಾದರೂ ಕುಸುರಿಯಲ್ಲಿ ಅದಕ್ಕಿಂತ ಮೇಲಾದ ಈ ಕಟ್ಟಡವನ್ನು ಅವಸರದಲ್ಲಿ ನೋಡುವುದಾದರೆ ನೋಡದಿರುವುದೇ ಲೇಸು.

ಸಮಯ ಉಳಿದರೆ ಜಾಮಿಯಾ ಮಸೀದಿಗೂ ಹೋಗಬಹುದು. ಅಲ್ಲಿ ಇಂದಿಗೂ ಪ್ರಾರ್ಥನೆ ನಡೆಯುವುದರಿಂದ ಶುಕ್ರವಾರದ ಮಧ್ಯಾಹ್ನವನ್ನು ಬಿಟ್ಟು ಬೇರೆ ಹೊತ್ತನ್ನು ಆರಿಸಿಕೊಳ್ಳಿ.