ಸುಮ್ನೆ ಮಲಗಿದ್ದರು, ಅದಕ್ಕೇ ಗೊತ್ತಾಗಲಿಲ್ಲ

ಪತ್ರ: ನಮ್ಮ ತಂದೆಗೆ 78 ವರ್ಷ. ಸೊಂಟದ ಮೂಳೆ ಆಪರೇಷನ್‌ಗೆ ಮಂಪರು ಬರುವ ಔಷಧ ಕೊಟ್ಟಿದ್ದರು. ಆ ಸಂಜೆ ಚೆನ್ನಾಗಿಯೇ ಮಾತಾಡಿದರು. ಮರುದಿನ ಇಡೀ ಹೊತ್ತು ಮಂಕಾಗಿ ಮಲಗಿದ್ದರು. ಸುಸ್ತು ಅಂದುಕೊಂಡೆವು. ರಾತ್ರಿ, ತೀರಿಹೋದ ಅಣ್ಣನನ್ನು ಕರೆಯತೊಡಗಿದರು. ಇದು ಮರೆವಿನ ಕಾಯಿಲೆಯೇ? ನಾವು ಮೊದಲೇ ಗುರುತಿಸಬೇಕಿತ್ತೇ?

ಸಂಪಾದಕರ ಉತ್ತರ: ಕೊನೆಯ ಪ್ರಶ್ನೆ ನಿಮ್ಮನ್ನು ಚುಚ್ಚುತ್ತಿದೆ, ಅಲ್ವಾ? ತಪ್ಪು ನಿಮ್ಮದಲ್ಲ. ಇದು ಎಷ್ಟೋ ಸಲ ವಾರ್ಡಿನವರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಸನ್ನಿ ಅನ್ನುತ್ತಾರೆ, ಡಾಕ್ಟರ ಮಾತಲ್ಲಿ ಡೆಲಿರಿಯಂ: ಇದ್ದಕ್ಕಿದ್ದಂತೆ ಬುದ್ಧಿ ಗಲಿಬಿಲಿಯಾಗುವುದು. ಸನ್ನಿ ಅಂದರೆ ಕೂಗಾಡುವುದು, ಡ್ರಿಪ್ ಕಿತ್ತುಹಾಕುವುದು ಅಂತ ನಾವು ತಿಳಿದಿದ್ದೇವೆ. ಆದರೆ ವಯಸ್ಸಾದವರಲ್ಲಿ ಜಾಸ್ತಿ ಬರುವುದು ಮಂಕು ಕವಿಯುವ ಸನ್ನಿ. ಅವರು ಯಾರಿಗೂ ತೊಂದರೆ ಕೊಡುವುದಿಲ್ಲ. ‘ಪಾಪ, ಮಲಗಲಿ’ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಎಬ್ಬಿಸಿದಾಗ ಏನೇನೋ ಮಾತಾಡಿದರೆ ಸುತ್ತಲಿನವರು ‘ವಯಸ್ಸಾಯ್ತಲ್ಲ, ಅರಳು ಮರಳು’ ಅನ್ನುತ್ತಾರೆ. ಈ ಮಾತನ್ನು ದಯವಿಟ್ಟು ಒಪ್ಪಬೇಡಿ.

ನೀವು ಬರೆದದ್ದು ಡೆಲಿರಿಯಂ ಇರುವಂತೆ ಕಾಣುತ್ತದೆ. ಮರೆವಿನ ಕಾಯಿಲೆ ತಿಂಗಳು, ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಡೆಲಿರಿಯಂ ಗಂಟೆಗಳಲ್ಲಿ, ಒಂದೆರಡು ದಿನದಲ್ಲಿ ಬರುತ್ತದೆ. ಬೆಳಿಗ್ಗೆ ಸರಿಯಿದ್ದವರು ಸಂಜೆ ಬೇರೆಯೇ ಆಗಿರುತ್ತಾರೆ. ಮಂಪರಾದರೋ ಹೊತ್ತು ಕಳೆದಂತೆ ಇಳಿಯಬೇಕು. ಒಮ್ಮೆ ತಿಳಿಯಾದವರು ಮತ್ತೆ ಮಂಕಾದರೆ ‘ಔಷಧ ಇನ್ನೂ ಇಳಿದಿಲ್ಲ’ ಅಂತ ಕಾಯಬೇಡಿ.

ಮುಖ್ಯವಾಗಿ ಅವರ ಗಮನ ನಿಲ್ಲುತ್ತದೆಯೇ ನೋಡಿ. ಮಾತಿನ ಎಳೆ ಹಿಡಿಯುತ್ತಾರಾ? ವಾರದ ದಿನಗಳನ್ನು ಹಿಂದಿನಿಂದ ಹೇಳಿಸಿ. ಮೊದಲು ಸಲೀಸಾಗಿ ಹೇಳುತ್ತಿದ್ದವರು ನಡುವೆ ಕಳೆದುಹೋದರೆ ಅದು ಸುಳಿವು. 1990ರಲ್ಲಿ ಅಮೆರಿಕದ ವೈದ್ಯೆ ಶರನ್ ಇನೋಯೆ ಮತ್ತು ಸಂಗಡಿಗರು ಡೆಲಿರಿಯಂ ಪತ್ತೆಗೆ ಒಂದು ವಿಧಾನ ಕೊಟ್ಟರು. ಮುಂದೆ ಮನೆಯವರನ್ನೇ ಕೇಳಿ ತುಂಬುವ ಪ್ರಶ್ನೆಪಟ್ಟಿಯೂ ಬಂತು. ನಿಮ್ಮ ತಂದೆ ಮೊದಲು ಹೇಗಿದ್ದರು ಅನ್ನುವುದು ಡ್ಯೂಟಿ ಬದಲಾಗುವ ನರ್ಸಿಗೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತು.

ಅದನ್ನೇ ಬಾಯಿಬಿಟ್ಟು ಹೇಳಿ: ‘ನಮ್ಮಪ್ಪ ನಿನ್ನೆವರೆಗೆ ಹೀಗಿರಲಿಲ್ಲ. ಇದು ಡೆಲಿರಿಯಂ ಇರಬಹುದಾ, ನೋಡಿ.’ ನೋವು, ಕಟ್ಟಿಕೊಂಡ ಮೂತ್ರ, ಮಲಬದ್ಧತೆ, ಸೋಂಕು, ರಕ್ತದಲ್ಲಿ ಇಳಿದ ಸೋಡಿಯಂ, ಆಮ್ಲಜನಕದ ಕೊರತೆ, ಇದರಲ್ಲಿ ಯಾವುದಾದರೂ ಕಾರಣವಾಗಿರಬಹುದು. ಒಂದಕ್ಕಿಂತ ಹೆಚ್ಚೂ ಇರಬಹುದು. ಮಿಡಜೋಲಂ, ಲೋರಜೆಪಾಮ್‌ನಂಥ ಮಂಪರು, ನಿದ್ದೆ ಬರಿಸುವ ಔಷಧಗಳೂ ಇದನ್ನು ತರಬಲ್ಲವು. ಹಾಗಾಗಿ ನಿದ್ದೆಗೆ ಇನ್ನೊಂದು ಡೋಸ್ ಕೊಡುವ ಮೊದಲು ‘ಇದು ಬೇಕೇ?’ ಅಂತ ಕೇಳಿ. ಮನೆಯಲ್ಲಿ ನಿತ್ಯ ನಿದ್ದೆಮಾತ್ರೆಯೋ ಮದ್ಯವೋ ಇದ್ದರೆ ಮುಚ್ಚಿಡಬೇಡಿ. ಅದು ಥಟ್ಟನೆ ನಿಂತರೂ ಡೆಲಿರಿಯಂ ಬರಬಹುದು. ಎಬ್ಬಿಸಿದರೂ ಏಳದಿದ್ದರೆ, ಉಸಿರಾಟ ಬದಲಾದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಆ ಕ್ಷಣವೇ ಕೂಗಿ ಕರೆಯಿರಿ.

ಕನ್ನಡಕ ಹಾಕಿ, ಕಿವಿಯ ಮೆಷಿನ್ ಕೊಡಿ. ಹಗಲು ಬೆಳಕಿರಲಿ, ಪರಿಚಿತ ಮುಖವೊಂದು ಪಕ್ಕದಲ್ಲಿರಲಿ. ಅಣ್ಣನನ್ನು ಕರೆದಾಗ ವಾದ ಮಾಡಬೇಡಿ. ‘ಅವರ ನೆನಪು ಬಂತಾ ಅಪ್ಪಾ? ನಾನಿಲ್ಲೇ ಇದ್ದೇನೆ’ ಅಂದರೆ ಸಾಕು.

ಹೆಚ್ಚಿನವರು ಕೆಲವು ದಿನಗಳಲ್ಲಿ ತಿಳಿಯಾಗುತ್ತಾರೆ. ಕೆಲವರಿಗೆ ವಾರಗಳೇ ಹಿಡಿಯುತ್ತವೆ. ತಿಂಗಳುಗಳಾದರೂ ಮರೆವು ಉಳಿದರೆ ಆಗ ಅದನ್ನು ಬೇರೆಯಾಗಿ ತೋರಿಸಿ. ಮುಂದೆ ಯಾವುದೇ ಆಪರೇಷನ್ ಬಂದರೂ ಹೀಗಾಗಿತ್ತೆಂದು ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ.