ನೆಚ್ಚಿನ ಹೋಟೆಲ್ ಕೆಟ್ಟರೆ ಮಾಲೀಕರಿಗೆ ಹೇಳಬೇಕಾ, ಸುಮ್ನೆ ಬಿಡಬೇಕಾ?

ನಿಮ್ಮ ಪ್ರಶ್ನೆ ಇಷ್ಟು: ಮನೆ ಹತ್ತಿರದ ಹೋಟೆಲ್, ಒಂದು ಕಾಲದಲ್ಲಿ ಕಣ್ಣು ಮುಚ್ಚಿಕೊಂಡು ಹೋಗುತ್ತಿದ್ದ ಜಾಗ. ಈಗ ಊಟ ಸಪ್ಪೆ, ಬರುವುದು ತಡ, ಕರೆದರೆ ಯಾರೂ ತಿರುಗಿ ನೋಡುವುದಿಲ್ಲ. ಮಾಲೀಕರಿಗೆ ಹೇಳಬೇಕಾ, ರಿವ್ಯೂ ಬರೆಯಬೇಕಾ, ಅಥವಾ ಬೇರೆ ಕಡೆ ಹೋಗಿಬಿಡಬೇಕಾ?

ನಾನು ಕೆಲವು ವರ್ಷ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತವನು. ಹೇಳಿ ನೋಡಿ ಎಂದೇ ನನ್ನ ಉತ್ತರ. ಆದರೆ ‘ಮೊದಲಿನ ಥರ ಇಲ್ಲ’ ಅಂತ ಮಾತ್ರ ಹೇಳಬೇಡಿ. ಗಲ್ಲಾದಲ್ಲಿ ಕೂತವರಿಗೆ ಆ ಮಾತು ಹೋಟೆಲ್ ಚೆನ್ನಾಗಿ ನಡೆಯುತ್ತಿದ್ದಾಗಲೂ ದಿನಾ ಕೇಳಿಸುತ್ತದೆ. ‘ಹೌದಾ ಸರ್, ನೋಡ್ತೀವಿ’ ಎಂದು ಚಿಲ್ಲರೆ ಎಣಿಸಿ ಕೊಡುತ್ತೇವೆ, ಅಲ್ಲಿಗೆ ಮುಗಿಯಿತು. ನೋಡಲು ಏನಿದೆ ಅಂತ ನಮಗೂ ಗೊತ್ತಿರುವುದಿಲ್ಲ.

ಅದಕ್ಕೇ ಏನು ಕೆಟ್ಟಿದೆ ಎಂದು ಮೊದಲು ನೀವು ಗುರುತಿಸಬೇಕು. ಅಂದುಕೊಂಡಷ್ಟು ಕಷ್ಟವಲ್ಲ, ತಟ್ಟೆಯೇ ಬಹಳಷ್ಟು ಹೇಳುತ್ತದೆ.

ಮೊದಲು ಬಿಸಿ ನೋಡಿ. ‘ರುಚಿ ಹೋಗಿದೆ’ ಎಂದು ನಾವು ದೂರುವಾಗ ಎಷ್ಟೋ ಸಲ ಹೋಗಿರುವುದು ಬಿಸಿ. ರುಚಿಯಲ್ಲಿ ದೊಡ್ಡ ಪಾಲು ಮೂಗಿನದು. ಆರಿದ ಅಡುಗೆಯಿಂದ ಘಮ ಅಷ್ಟಾಗಿ ಏಳುವುದಿಲ್ಲ, ಹಾಗಾಗಿ ಅದೇ ಉಪ್ಪು, ಅದೇ ಮಸಾಲೆ ಇದ್ದರೂ ಬಾಯಿಗೆ ಸಪ್ಪೆ. ಗ್ರೇವಿಯ ಮೇಲೆ ತೆಳ್ಳಗೆ ಪೊರೆ ಕಟ್ಟಿದೆಯಾ? ಚಮಚ ಮುಟ್ಟಿಸಿದರೆ ಸುಕ್ಕುಗಟ್ಟಿ ಒಂದು ಕಡೆ ಸರಿಯುತ್ತದಾ? ಹಾಗಿದ್ದರೆ ಆ ಬಟ್ಟಲು ಕಿಚನ್ ಕಟ್ಟೆಯ ಮೇಲೆ ಯಾರಾದರೂ ಎತ್ತಿಕೊಂಡು ಹೋಗಲಿ ಎಂದು ಕಾದು ಕೂತಿತ್ತು. ಅಡುಗೆಯವರು ತಮ್ಮ ಕೆಲಸ ಮುಗಿಸಿದ್ದಾರೆ, ಸಪ್ಲೈಯರ್ ಬಂದಿಲ್ಲ. ಅಂಚು ಸುಡುತ್ತಾ ನಡುವೆ ತಣ್ಣಗಿದ್ದರೆ ಅದು ಬಹುಮಟ್ಟಿಗೆ ಮೈಕ್ರೋವೇವ್ ಕೆಲಸ. ಬೆಳಗ್ಗೆ ಮಾಡಿದ್ದೋ ನಿನ್ನೆಯದೋ, ಈಗ ಬಿಸಿ ಮಾಡಿ ಕೊಟ್ಟಿದ್ದಾರೆ. ನಾಲಿಗೆಗೆ ಎರಡೂ ಒಂದೇ ಥರ ಕಂಡರೂ ದೂರು ಬೇರೆ ಬೇರೆ. ಮೊದಲನೆಯದು ಸಪ್ಲೈಗೆ ಜನ ಸಾಲದ್ದರಿಂದ ಆಗಿದ್ದು. ಎರಡನೆಯದರಲ್ಲಿ ಅಡುಗೆ ಮಾಡುವ ಪದ್ಧತಿಯೇ ಬದಲಾಗಿದೆ.

ಹುರಿದದ್ದು, ಬಾಡಿಸಿದ್ದು ಬಿಳಿಚಿಕೊಂಡು ಮೆತ್ತಗಿದ್ದರೆ ಬಾಣಲೆಗೆ ಒಂದೇ ಸಲ ಜಾಸ್ತಿ ಸುರಿದಿದ್ದಾರೆ ಎಂದರ್ಥ. ಕಂದು ಬಣ್ಣ ಮತ್ತು ಆ ಹುರಿದ ಘಮ ಚೆನ್ನಾಗಿ ಬರಬೇಕಾದರೆ ಪದಾರ್ಥದ ಮೈ ಸುಮಾರು 140 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. 1912ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಕಮಿಯ್ ಮೈಯಾರ್ ಇದರ ಹಿಂದಿನ ರಸಾಯನಶಾಸ್ತ್ರವನ್ನು ವಿವರಿಸಿದ, ಆ ಕ್ರಿಯೆಗೆ ಇವತ್ತಿಗೂ ಅವನದೇ ಹೆಸರು. ಬಾಣಲೆ ತುಂಬಿಸಿದರೆ ತರಕಾರಿ ಬಿಟ್ಟ ನೀರು ಆರುವುದೇ ಇಲ್ಲ. ನೀರಿರುವ ತನಕ ಶಾಖ 100 ಡಿಗ್ರಿಯ ಹತ್ತಿರವೇ ನಿಂತಿರುತ್ತದೆ. ಹುರಿಯಬೇಕಾದ್ದು ಬೇಯುತ್ತದೆ. ಎರಡು ಸಲ ಹುರಿಯುವ ಬದಲು ಒಂದೇ ಸಲಕ್ಕೆ ಮುಗಿಸಿದರೆ ಉಳಿಯುವುದು ಕೆಲವೇ ನಿಮಿಷ. ತಿನ್ನುವವರಿಗೆ ಕಾಣುವುದು ಮಾತ್ರ ‘ಏನೋ ಮಿಸ್ಸಿಂಗ್’.

ಕರಿದದ್ದರ ವಿಷಯದಲ್ಲಿ ಎಣ್ಣೆ ತಾನೇ ಹೇಳಿಕೊಳ್ಳುತ್ತದೆ. ಬಣ್ಣ ಮಾತ್ರ ಕಪ್ಪಗಾಗಿ ಒಳಗೆ ಸರಿಯಾಗಿ ಬೆಂದಿಲ್ಲ, ಬೆರಳು ಜಿಗುಟು, ಕಮಟು ವಾಸನೆ. ಅದು ಸುಸ್ತಾದ ಎಣ್ಣೆ. ಮತ್ತೆ ಮತ್ತೆ ಕಾಯಿಸಿದ ಎಣ್ಣೆ ಒಡೆದು, ಪೋಲಾರ್ ಸಂಯುಕ್ತಗಳು ಎಂಬ ಕೆಟ್ಟ ಅಂಶಗಳು ಅದರಲ್ಲಿ ಹೆಚ್ಚುತ್ತಾ ಹೋಗುತ್ತವೆ. ಹಲವು ದೇಶಗಳಲ್ಲಿ ಅವು ಶೇ 25ರ ಆಸುಪಾಸು ಬಂದರೆ ಆ ಎಣ್ಣೆ ಬಳಸುವ ಹಾಗಿಲ್ಲ. ಅಳೆಯಲು ಚಿಕ್ಕ ಮೀಟರ್ ಬರುತ್ತದೆ, ಇಟ್ಟುಕೊಳ್ಳುವವರು ಕಡಿಮೆ.

ಇಷ್ಟೆಲ್ಲ ಯಾಕೆ ಆಗುತ್ತದೆ? ಒಂದು ದಿನ ಕೂತು ‘ಇನ್ನು ಮೇಲೆ ಕೆಟ್ಟದಾಗಿ ಮಾಡೋಣ’ ಅಂತ ಯಾರೂ ತೀರ್ಮಾನ ಮಾಡುವುದಿಲ್ಲ. ನಾನಿದ್ದ ಕಡೆ ಮುಖ್ಯ ಅಡುಗೆಯವರು ಕೆಲಸ ಬಿಟ್ಟರು. ಅಳತೆಗಳೆಲ್ಲ ಕಿಚನ್ ಗೋಡೆ ಮೇಲೆ ಬರೆದಿದ್ದವು. ಹೊಸಬರು ಅದನ್ನೇ ನೋಡಿಕೊಂಡು ಮಾಡಿದರು, ಒಂದು ಗ್ರಾಂ ಹೆಚ್ಚುಕಮ್ಮಿ ಇಲ್ಲ. ಆದರೂ ಖಾಯಂ ಗಿರಾಕಿಗಳು ತಟ್ಟೆಯಲ್ಲಿ ಬಿಡತೊಡಗಿದರು. ಹಳಬರು ಈರುಳ್ಳಿ ಹುರಿಯುವಾಗ ಒಲೆ ಬಿಟ್ಟು ಕದಲುತ್ತಿರಲಿಲ್ಲ. ಬಣ್ಣ ಬಂತು ಎಂದು ನಮಗೆ ಅನ್ನಿಸಿದ ಮೇಲೂ ಉರಿ ಸಣ್ಣ ಮಾಡಿ ಇನ್ನಷ್ಟು ಹೊತ್ತು ತಿರುವುತ್ತಿದ್ದರು. ಟೊಮೇಟೊ ಹುಳಿ ಜಾಸ್ತಿ ಇದ್ದ ದಿನ ಒಂದು ಚೂರು ಬಾಯಿಗೆ ಹಾಕಿಕೊಂಡು, ಮುಖ ಹಿಂಡಿ, ಅಳತೆ ಕಡಿಮೆ ಮಾಡುತ್ತಿದ್ದರು. ಅದೆಲ್ಲ ಗೋಡೆ ಮೇಲೆ ಎಲ್ಲಿರುತ್ತದೆ? ಅದೇ ಹೊತ್ತಿಗೆ ಗ್ಯಾಸ್ ಉಳಿಸಿ ಎಂಬ ಮಾತು ಮಾಲೀಕರಿಂದ ಬಂದಿತ್ತು. ಹೊಸಬರು ಮಾತು ಕೇಳುವವರು, ಪಾಪ. ಉಳಿಸಿದರು.

ಹೋಟೆಲಿನ ಲೆಕ್ಕವೂ ಬಿಗಿ. ಬಿಲ್ಲಿನ ಸುಮಾರು ಮೂರನೇ ಒಂದು ಭಾಗ ದಿನಸಿ ತರಕಾರಿಗೆ, ಹೆಚ್ಚೂ ಕಡಿಮೆ ಅಷ್ಟೇ ಸಂಬಳಕ್ಕೆ ಹೋಗುತ್ತದೆ ಎನ್ನುವುದು ಈ ವ್ಯಾಪಾರದಲ್ಲಿ ಬಾಯಿಲೆಕ್ಕ. ಉಳಿದದ್ದರಲ್ಲಿ ಬಾಡಿಗೆ, ಕರೆಂಟು, ಗ್ಯಾಸ್, ರಿಪೇರಿ. ಡೆಲಿವರಿ ಆ್ಯಪ್‌ಗೆ ಸೇರಿದರೆ ಆ ಆರ್ಡರ್‌ಗಳಲ್ಲಿ ಶೇ 15ರಿಂದ 30ರಷ್ಟು ಕಮಿಷನ್ ಅವರಿಗೆ. ದರ ಏರಿಸಿದರೆ ಗಿರಾಕಿ ತಕ್ಷಣ ಗಮನಿಸುತ್ತಾನೆ. ಒಂದು ದರ್ಜೆ ಕಡಿಮೆ ಬೆಲೆಯ ಎಣ್ಣೆ ತಂದರೆ ಗಮನಿಸುವುದಿಲ್ಲ. ಆಮೇಲೆ ಮಸಾಲೆ ಪುಡಿ ರೆಡಿಮೇಡ್ ಆಗುತ್ತದೆ, ಆಗಲೂ ಯಾರೂ ಏನೂ ಅನ್ನುವುದಿಲ್ಲ. ಮತ್ತೆ ಒಬ್ಬ ಸಹಾಯಕನನ್ನು ಬಿಡಿಸುತ್ತಾರೆ. ಒಂದೊಂದೂ ಪರವಾಗಿಲ್ಲ ಅನ್ನಿಸುವಂಥದ್ದೇ. ಎಲ್ಲ ಸೇರಿದ ಮೇಲೆ ತಿನ್ನಲು ಬಂದವರು ನೀವು.

ಮೆನು ಉದ್ದವಾಗಿದೆಯಾ ಎಂದೂ ನೋಡಿ. ಕೈ ಎರಡೇ, ಒಲೆ ಅಷ್ಟೇ, ಐಟಂ ಮಾತ್ರ ಮೂರು ಪಟ್ಟು ಎಂದರೆ ಎಲ್ಲದಕ್ಕೂ ಒಂದೇ ಗ್ರೇವಿ ಹಾಕಿ ಹೆಸರು ಬೇರೆ ಇಟ್ಟಿರುತ್ತಾರೆ. ಇದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಸರ್ವಿಸ್ ಬಗ್ಗೆ ನನ್ನ ಅನುಭವ ಬೇರೆ ಥರದ್ದು. ಸಪ್ಲೈಯರ್ ಮುಖ ತಿರುಗಿಸಿದ ಎಂದರೆ ಅಹಂಕಾರ ಅಂದುಕೊಳ್ಳುತ್ತೇವೆ. ಅವನು ಎಷ್ಟು ಟೇಬಲ್ ನೋಡಿಕೊಳ್ಳುತ್ತಿದ್ದಾನೆ ಎಂದು ಒಂದು ಸಲ ಎಣಿಸಿ. ಮೊದಲು ಇಬ್ಬರು ಮಾಡುತ್ತಿದ್ದದ್ದನ್ನು ಒಬ್ಬನೇ ಮಾಡುತ್ತಿದ್ದರೆ ಅವನು ಬೇಕೆಂದೇ ಕಣ್ಣು ತಪ್ಪಿಸುತ್ತಾನೆ. ಕಣ್ಣಿಗೆ ಕಣ್ಣು ಸಿಕ್ಕರೆ ಇನ್ನೊಂದು ಕೆಲಸ ಬೀಳುತ್ತದಲ್ವಾ? ಕೌಂಟರ್ ಪಕ್ಕದಲ್ಲಿ ಪಾರ್ಸೆಲ್ ಚೀಲಗಳು ಸಾಲಾಗಿ ಕೂತಿದ್ದರೆ ಇನ್ನೊಂದು ಕಾರಣವೂ ಸಿಕ್ಕಿತು. ಅಡುಗೆಮನೆಗೆ ನೀವು ಕೂತ ಟೇಬಲ್ ಕಾಣುವುದಿಲ್ಲ, ಟಕಟಕ ಬರುವ ಆರ್ಡರ್ ಚೀಟಿ ಮಾತ್ರ ಕಾಣುತ್ತದೆ. ಆ ಹುಡುಗನ ಮೇಲೆ ರೇಗಿದರೆ ಏನೂ ಬದಲಾಗುವುದಿಲ್ಲ. ಜನ ತೆಗೆದುಕೊಳ್ಳುವುದು ಅವನ ಕೈಯಲ್ಲಿ ಇಲ್ಲ. ಹಾಗಂತ ಒರಟುತನಕ್ಕೆ ರಿಯಾಯಿತಿ ಕೊಡಿ ಅನ್ನುತ್ತಿಲ್ಲ. ಎದುರು ಮಾತಾಡಿದರೆ ಅದನ್ನೂ ಹೇಳಿ, ಮಾಲೀಕರಿಗೆ.

ನಮ್ಮ ನಾಲಿಗೆಯ ಕಡೆಯದೂ ಸ್ವಲ್ಪ ಇದೆ. ಒಂದೇ ಐಟಂ ಪದೇ ಪದೇ ತಿಂದರೆ ಅದರ ಮೇಲಿನ ಆಸೆ ತಾನಾಗಿ ಇಳಿಯುತ್ತದೆ. ಅದಕ್ಕೇ ಈ ಮೊದಲು ಅಲ್ಲಿಗೆ ಹೋಗದ ಯಾರನ್ನಾದರೂ ಒಮ್ಮೆ ಕರೆದುಕೊಂಡು ಹೋಗಿ, ಏನೂ ಹೇಳದೆ ತಿನ್ನಲು ಬಿಡಿ. ಅವರು ತಟ್ಟೆ ಖಾಲಿ ಮಾಡಿದರೆ ಇನ್ನೊಮ್ಮೆ ಯೋಚಿಸಿ.

ಈಗ ಹೇಳುವ ವಿಷಯ. ತಟ್ಟೆಯಲ್ಲಿರುವುದರ ದೂರು ತಟ್ಟೆ ಮುಂದಿರುವಾಗಲೇ ಹೇಳಬೇಕು, ಎರಡನೇ ತುತ್ತಿಗೆ. ಮುಕ್ಕಾಲು ತಿಂದು ಬಿಲ್ ಬಂದಾಗ ಹೇಳಿದರೆ ಎಂಥ ಒಳ್ಳೆಯ ಮಾಲೀಕರಿಗೂ ಅನುಮಾನ ಬರುತ್ತದೆ. ನಾನೂ ಅನುಮಾನ ಪಟ್ಟಿದ್ದೇನೆ. ‘ಇದು ನಡುವೆ ತಣ್ಣಗಿದೆ, ಮುಟ್ಟಿ ನೋಡಿ’ ಎಂದರೆ ವಾದಕ್ಕೆ ಜಾಗವೇ ಇರುವುದಿಲ್ಲ. ಒಟ್ಟಾರೆ ಬದಲಾವಣೆಯ ಮಾತಾದರೆ ಜನಜಂಗುಳಿ ಹೊತ್ತಿನಲ್ಲಿ ಬೇಡ. ಊಟದ ರಶ್ ಮುಗಿದು ಕುರ್ಚಿ ಮೇಲೆತ್ತಿ ನೆಲ ಒರೆಸುವ ಸಮಯ ಇರುತ್ತದಲ್ಲ, ಆಗ ಹೋಗಿ. ಮಾಲೀಕರೇ ಇದ್ದಾರಾ ಕೇಳಿ, ಮ್ಯಾನೇಜರ್ ಸಾಲದು. ಯಾವ ಐಟಂ, ಯಾವ ದಿನ, ಎಷ್ಟು ಹೊತ್ತು ಕಾದಿರಿ, ಮೊದಲು ಹೇಗಿರುತ್ತಿತ್ತು ಎಂದು ಹೇಳಿ. ‘ಬುಧವಾರ ರಾತ್ರಿ ಗ್ರೇವಿ ನೀರಾಗಿತ್ತು, ಈರುಳ್ಳಿ ಹಸಿ ವಾಸನೆ ಬರುತ್ತಿತ್ತು, ಮೊದಲು ಹೀಗೆ ಇರಲಿಲ್ಲ’ ಅಂದರೆ ಅವರಿಗೆ ಆ ದಿನ ಒಲೆ ಮುಂದೆ ಯಾರಿದ್ದರು ಎಂದು ತಕ್ಷಣ ಹೊಳೆಯುತ್ತದೆ. ನನಗೂ ಹಾಗೆಯೇ ಹೊಳೆಯುತ್ತಿತ್ತು.

ಅವರು ಬದಲಿ ತಟ್ಟೆ ಕೊಡುತ್ತೇವೆ, ಬಿಲ್ ಕಡಿಮೆ ಮಾಡುತ್ತೇವೆ ಎಂದರೆ ತೆಗೆದುಕೊಳ್ಳಿ, ಸಂಕೋಚ ಬೇಡ. ಆದರೆ ನನ್ನ ಕಣ್ಣು ಇರುತ್ತಿದ್ದದ್ದು ಬೇರೆ ಕಡೆ: ಕೇಳಿಸಿಕೊಂಡ ಮಾಲೀಕರು ಎದ್ದು ಒಳಗೆ ಹೋದರಾ? ಕೂತಲ್ಲೇ ಕೂತು ಫ್ರೀ ಸಿಹಿ ಕಳಿಸಿದರೆ ಬಾಯಿ ಮುಚ್ಚಿಸುವ ಉಪಾಯ ಅಷ್ಟೇ.

ರಿವ್ಯೂ ಬರೆಯುವುದು ತಪ್ಪಲ್ಲ, ಆದರೆ ಅದಕ್ಕೆ ತೂಕ ಇದೆ ಎಂದು ತಿಳಿದು ಬರೆಯಿರಿ. 2011ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕ ಮೈಕೆಲ್ ಲೂಕಾ ಅಮೆರಿಕದ ಸಿಯಾಟಲ್ ನಗರದ ಹೋಟೆಲ್‌ಗಳ ವ್ಯಾಪಾರವನ್ನು ಗಿರಾಕಿಗಳು ರಿವ್ಯೂ ಬರೆಯುವ ಯೆಲ್ಪ್ ಎಂಬ ವೆಬ್‌ಸೈಟಿನ ರೇಟಿಂಗ್ ಜೊತೆ ಇಟ್ಟು ನೋಡಿದ. ಒಂದು ಸ್ಟಾರ್ ಹೆಚ್ಚಾದರೆ ಆದಾಯ ಶೇ 5ರಿಂದ 9ರಷ್ಟು ಏರುತ್ತದೆ ಎಂದು ಕಂಡಿತು. ದೊಡ್ಡ ಚೈನ್‌ಗಳಿಗೆ ಈ ಪರಿಣಾಮ ಕಾಣಲಿಲ್ಲ, ಸ್ವತಂತ್ರವಾಗಿ ನಡೆಸುವವರಿಗೆ ಮಾತ್ರ. ನಿಮ್ಮ ಬೀದಿಯ ಹೋಟೆಲ್ ಆ ಎರಡನೇ ಗುಂಪಿನದು. ಮೊದಲು ಬಾಯಿ ಮಾತಲ್ಲಿ ಹೇಳಿ, ಕಿವಿಗೆ ಹಾಕಿಕೊಳ್ಳದಿದ್ದರೆ ಆಮೇಲೆ ಬರೆಯಿರಿ. ಒಂದು ಸ್ಟಾರ್ ಒತ್ತಿ ‘ವೇಸ್ಟ್’ ಎಂದು ಬರೆಯುವುದರಿಂದ ಓದುವವರಿಗೂ ಉಪಯೋಗವಿಲ್ಲ. ಮೊದಲು ಏನು ಚೆನ್ನಾಗಿತ್ತು, ಈಗ ಏನಾಗಿದೆ, ಎಷ್ಟು ಸಲ ಹೀಗಾಯಿತು ಎಂದು ಬರೆಯಿರಿ.

ಒಂದು ವಿಷಯದಲ್ಲಿ ಮಾತ್ರ ಈ ತಾಳ್ಮೆ ಬೇಡ. ಹಳಸಿದ ವಾಸನೆ, ತಿಂದ ಕೆಲವೇ ಗಂಟೆಯಲ್ಲಿ ವಾಂತಿ, ಜೊತೆಗೆ ತಿಂದವರಿಗೂ ಹಾಗೇ. ಬೇಯಿಸಿದ್ದನ್ನು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು, ಬಡಿಸುವ ತನಕ 60 ಡಿಗ್ರಿಗಿಂತ ಮೇಲೆ ಬಿಸಿ ಇರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊರಗೇ ಉಳಿದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ವಾಂತಿ ತರಿಸುವ ವಿಷ ಬಿಡುತ್ತದೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಇಂಥದ್ದಾದರೆ ಬಿಲ್ ಇಟ್ಟುಕೊಂಡು ಆಹಾರ ಸುರಕ್ಷತೆ ನೋಡುವ ಇಲಾಖೆಗೇ ದೂರು ಕೊಡಿ. ಹಳೇ ಪರಿಚಯ, ದಾಕ್ಷಿಣ್ಯ ಎಲ್ಲ ಪಕ್ಕಕ್ಕಿರಲಿ.

ಇನ್ನು ಮಾಮೂಲಿ ಕೇಸಿನಲ್ಲಿ, ಹೇಳಿದ ಮೇಲೆ ಒಂದು ತಿಂಗಳಾದರೂ ಸಮಯ ಕೊಡಿ. ಹೊಸ ಅಡುಗೆಯವರು ಸಿಗುವುದು, ಸಿಕ್ಕವರ ಕೈ ಹದಕ್ಕೆ ಬರುವುದು ಎರಡೂ ಬೇಗ ಆಗುವ ಕೆಲಸವಲ್ಲ. ಆಮೇಲೆ ರಜೆ ದಿನದ ಗಲಾಟೆಯಲ್ಲಿ ಬೇಡ, ಸಾಧಾರಣ ದಿನ ಹೋಗಿ ಅದೇ ಐಟಂ ತರಿಸಿ. ಗ್ರೇವಿ ಮೇಲೆ ಆಗಲೂ ಪೊರೆ ಇದ್ದರೆ ತಿಂದು, ಬಿಲ್ ಕೊಟ್ಟು, ಇನ್ನೊಂದು ಹೋಟೆಲ್ ಹುಡುಕಿಕೊಳ್ಳಿ.