ರಾಜೀನಾಮೆಗೆ ಹಾಕಿಸಿದ ಸಹಿ, ತಿರಸ್ಕೃತವಾದ ಅರ್ಜಿ: ಒಂದು ಆಪ್ತಸಲಹೆ ಪ್ರಕರಣ

ಸಾವಿತ್ರಮ್ಮ (ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ) ಏಪ್ರಿಲ್ ತಿಂಗಳಲ್ಲಿ ನನ್ನ ಬಳಿ ಬಂದದ್ದು ನಿದ್ದೆ ಬರುತ್ತಿಲ್ಲವೆಂದು. ವಯಸ್ಸು 41. ಪೀಣ್ಯದ ಸಿದ್ಧ ಉಡುಪು ಕಾರ್ಖಾನೆಯೊಂದರಲ್ಲಿ ಒಂಬತ್ತು ವರ್ಷ ಟೈಲರ್ ಆಗಿದ್ದವರು. ಜನವರಿ ಕೊನೆಗೆ ಅವರಿದ್ದ ಲೈನನ್ನು ಮುಚ್ಚಿದರು. ಗಂಡ ಆಟೊ ಓಡಿಸುತ್ತಾರೆ, ಅವರಿಗೆ ಸಕ್ಕರೆ ಕಾಯಿಲೆ. ಸಂಘದ ಸಾಲದ ಕಂತು ತಪ್ಪಿತ್ತು. ಕೆಲಸ ಹೋದವರಿಗೆ ಸಿಗುವ ಪರಿಹಾರಕ್ಕೆ ಹಾಕಿದ್ದ ಅರ್ಜಿಯೂ ತಿರಸ್ಕೃತವಾಗಿತ್ತು. ಆದರೂ ಮೊದಲು ಬಂದದ್ದು ಹಣದ ಮಾತಲ್ಲ.

"ಸೈಬರ್ ಸೆಂಟರಿನ ಹುಡುಗ ಎಲ್ಲರ ಎದುರಿಗೇ ನಿಮ್ಮದು ರಿಜೆಕ್ಟ್ ಆಗಿದೆ ಅಂದುಬಿಟ್ಟ ಮೇಡಂ. ಸರ್ಕಾರದ ಮುಂದೆ ಕೈಯೊಡ್ಡಲು ಹೋಗಬೇಡ ಎಂದು ಇವರು ಮೊದಲೇ ಹೇಳಿದ್ದರು. ಈಗ ಯಾರಿಗೂ ಮುಖ ತೋರಿಸಲು ಆಗುತ್ತಿಲ್ಲ."

ಆಪ್ತಸಲಹೆಯೆಂದರೆ ಮನಸ್ಸಿನ ಮಾತು ಮಾತ್ರ, ಕಾಗದಪತ್ರ ನಮ್ಮ ಕೆಲಸವಲ್ಲ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈಕೆಯ ನಿದ್ದೆ ಕೆಡಿಸಿದ್ದೇ ಒಂದು ಕಾಗದ. ಅದನ್ನು ಓದದೆ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಕಳಿಸುವುದು ಅನ್ಯಾಯ.

ಸೀರೆ ಅಂಗಡಿಯ ಕವರಿನಿಂದ ಹಳೆಯ ಸಂಬಳದ ಚೀಟಿಯೊಂದನ್ನು ತೆಗೆಸಿದೆ. ಸಂಬಳ 12,000 ರೂಪಾಯಿ, ಕೆಳಗೆ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ಕಡಿತ 90 ರೂಪಾಯಿ. ಆ ಸಾಲಿನ ಮೇಲೆ ಅವರದೇ ಬೆರಳು ಇಡಿಸಿದೆ. ಇದು ಸಂಬಳದ ಶೇ. 0.75, ಮಾಲೀಕರು ಶೇ. 3.25, ಅಂದರೆ 390 ರೂಪಾಯಿ ಸೇರಿಸಬೇಕು. ಸಾವಿತ್ರಮ್ಮ ಕೇಳಿದ್ದು ಈ ವಿಮೆಯಡಿ ಕೆಲಸ ಕಳೆದುಕೊಂಡವರಿಗೆ ಬರುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಪರಿಹಾರವನ್ನು. "ತಿಂಗಳು ತಿಂಗಳೂ ನೀವು ಕಟ್ಟಿದ್ದೀರಿ, ಇದರಲ್ಲಿ ಕೈಯೊಡ್ಡುವುದು ಎಲ್ಲಿ ಬಂತು?" ಎಂದೆ. ಬಹಳ ಹೊತ್ತು ಅತ್ತರು. ಅಳಲು ಬಿಟ್ಟೆ.

2018ರಲ್ಲಿ ಬಂದ ಈ ಯೋಜನೆಯಲ್ಲಿ ಮೊದಲು ದಿನದ ಸರಾಸರಿ ಗಳಿಕೆಯ ಶೇ. 25 ಸಿಗುತ್ತಿತ್ತು, 2020ರಲ್ಲಿ ಅದನ್ನು ಶೇ. 50ಕ್ಕೆ ಏರಿಸಿದರು. ಗರಿಷ್ಠ 90 ದಿನ, ಅದೂ ಜೀವಮಾನದಲ್ಲಿ ಒಮ್ಮೆ. ಸಾವಿತ್ರಮ್ಮನ ಸಂಬಳಕ್ಕೆ ಸುಮಾರು 17,000 ರೂಪಾಯಿಗೂ ಮೇಲೆ ಬರಬೇಕು. ಎರಡು ವರ್ಷ ವಿಮೆಯಡಿ ದುಡಿದಿರಬೇಕು. ಕೆಲಸ ಹೋಗುವ ಮುಂಚಿನ ವಂತಿಗೆ ಅವಧಿಯಲ್ಲಿ (ಆರಾರು ತಿಂಗಳ ಲೆಕ್ಕ) ಕನಿಷ್ಠ 78 ದಿನ, ಅದರ ಹಿಂದಿನ ಮೂರು ಅವಧಿಗಳ ಪೈಕಿ ಒಂದರಲ್ಲಿ ಮತ್ತೆ 78 ದಿನ ವಂತಿಗೆ ಸಂದಿರಬೇಕು. ಕೆಲಸ ಹೋಗಿ 30 ದಿನವಾದ ಮೇಲೆ ಅರ್ಜಿಯನ್ನು ನೇರವಾಗಿ ಇ.ಎಸ್.ಐ. ಶಾಖಾ ಕಚೇರಿಗೇ ಕೊಡಬಹುದು, ಮಾಲೀಕರ ಮೂಲಕ ಹೋಗಬೇಕಿಲ್ಲ. ಇವುಗಳಲ್ಲಿ ಯಾವುದಕ್ಕೂ ಸಾವಿತ್ರಮ್ಮನಿಗೆ ಕೊರತೆಯಿರಲಿಲ್ಲ.

ತಿರಸ್ಕಾರದ ಕಾರಣ ಬ್ಯಾಂಕ್ ವಿವರ. ಅವರ ಖಾತೆ ವಿಜಯಾ ಬ್ಯಾಂಕಿನದು; 2019ರ ಏಪ್ರಿಲ್‌ನಲ್ಲಿ ಅದು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ದಾಖಲೆಯಲ್ಲಿ ಬ್ಯಾಂಕ್ ಶಾಖೆಯನ್ನು ಗುರುತಿಸುವ ಹಳೆಯ ಐ.ಎಫ್.ಎಸ್.ಸಿ. ಸಂಕೇತವೇ ಉಳಿದಿತ್ತು. ಹೊಸ ಪಾಸ್‌ಬುಕ್ಕಿನ ಪ್ರತಿ ಕೊಟ್ಟು ಶಾಖಾ ಕಚೇರಿಯಲ್ಲಿ ತಿದ್ದಿಸಿ, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ ಎಂದೆ.

ನನಗೆ ನಿಜವಾದ ಭಯವಿದ್ದದ್ದು ಬೇರೆ ಕಡೆ. ಲೈನ್ ಮುಚ್ಚಿದ ದಿನ ಇಂಗ್ಲಿಷಿನಲ್ಲಿ ಮುದ್ರಿಸಿದ ಹಾಳೆಯೊಂದಕ್ಕೆ ಎಲ್ಲರಿಂದ ಸಹಿ ಹಾಕಿಸಿದ್ದರು. ಸಹಿ ಮಾಡದಿದ್ದರೆ ಲೆಕ್ಕ ಚುಕ್ತಾ ಇಲ್ಲವೆಂದಿದ್ದರು. ಸಾವಿತ್ರಮ್ಮನ ಮೊಬೈಲಿನಲ್ಲಿದ್ದ ಫೋಟೊ ಹಿಗ್ಗಿಸಿ ನೋಡಿದೆ: ಸ್ವಂತ ಕಾರಣದಿಂದ ಕೆಲಸ ಬಿಡುತ್ತಿದ್ದೇನೆ ಎಂಬ ರಾಜೀನಾಮೆ. ತಾವಾಗಿ ಕೆಲಸ ಬಿಟ್ಟವರಿಗೆ ಈ ಪರಿಹಾರವಿಲ್ಲ. ಓದು ಬಾರದ ಭಾಷೆಯ ಕಾಗದಕ್ಕೆ ಹೀಗೆ ಸಹಿ ಹಾಕಿಸುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ, ಅದನ್ನು ಅವರೆದುರು ಮುಚ್ಚಿಡಲಿಲ್ಲ.

ನಡೆದದ್ದನ್ನು ಕನ್ನಡದಲ್ಲೇ ಒಂದು ಪುಟ ಬರೆದು ಶಾಖಾ ವ್ಯವಸ್ಥಾಪಕರಿಗೆ ಕೊಡಲು ಹೇಳಿದೆ. ಜೊತೆಗೆ, ಲೈನ್ ಮುಚ್ಚುತ್ತದೆಂದು ಸೂಪರ್‌ವೈಸರ್ ಕಳಿಸಿದ್ದ ವಾಟ್ಸ್ಆ್ಯಪ್ ಸಂದೇಶದ ಮುದ್ರಿತ ಪ್ರತಿ, ಅದೇ ದಿನ ಅದೇ ಒಕ್ಕಣೆಗೆ ಸಹಿ ಮಾಡಿದ ಗೆಳತಿಯರ ಹೇಳಿಕೆ. ಒಂದಿಡೀ ಲೈನಿನ ಹೆಂಗಸರಿಗೆ ಒಂದೇ ದಿನ ಸ್ವಂತ ಕಾರಣ ಹುಟ್ಟಲಾರದು. ಬನ್ನೇರುಘಟ್ಟ ರಸ್ತೆಯಲ್ಲಿರುವ ಕಾರ್ಮಿಕ ಇಲಾಖೆಯ ಕಚೇರಿ ಕಾರ್ಮಿಕ ಭವನದಲ್ಲಿ ಬೇರೆ ದೂರು ಕೊಡುವಂತೆಯೂ ಸೂಚಿಸಿದೆ: ಕೆಲಸದಿಂದ ತೆಗೆದದ್ದೆಂದು ಸಾಬೀತಾದರೆ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಪರಿಹಾರವಾಗಿ ಬರಬೇಕು. ಗ್ರಾಚ್ಯುಟಿ, ಅಂದರೆ ಸೇವೆಯ ವರ್ಷಗಳಿಗೆ ಮಾಲೀಕರು ಕೊಡಬೇಕಾದ ಇಡುಗಂಟು, ಅದಕ್ಕೆ ಹೊರತಾದದ್ದು. ಐದು ವರ್ಷ ದಾಟಿದವರಿಗೆ ರಾಜೀನಾಮೆ ಕೊಟ್ಟರೂ ಸಲ್ಲಬೇಕು.

ಗಂಡನ ಮಾತ್ರೆಗಳನ್ನು ಫೆಬ್ರವರಿಯಿಂದ ಹೊರಗಿನ ಅಂಗಡಿಯಲ್ಲಿ ಕೊಳ್ಳುತ್ತಿದ್ದರು, ಕೆಲಸದ ಜೊತೆ ಇ.ಎಸ್.ಐ. ಕಾರ್ಡೂ ಹೋಯಿತೆಂದುಕೊಂಡು. ಅಕ್ಟೋಬರ್‌ನಿಂದ ಜನವರಿಯವರೆಗಿನ ವಂತಿಗೆಯ ಮೇಲೆ ಸಾವಿತ್ರಮ್ಮನಿಗೂ ಗಂಡನಿಗೂ ಡಿಸೆಂಬರ್‌ವರೆಗೂ ಚಿಕಿತ್ಸೆಯ ಹಕ್ಕಿದೆ. ಮರುದಿನವೇ ಗಂಡನನ್ನು ಇ.ಎಸ್.ಐ. ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋಗಿ ಎಂದೆ.

ಮುಂದಿನ ಭೇಟಿಗೆ ದಂಪತಿ ಇಬ್ಬರೂ ಬಂದರು. ಬ್ಯಾಂಕ್ ವಿವರ ತಿದ್ದುಪಡಿಯಾಗಿ ಹೊಸ ಅರ್ಜಿ ಸ್ವೀಕೃತವಾಗಿದೆ. ರಾಜೀನಾಮೆಯ ಬಗ್ಗೆ ಶಾಖಾ ಕಚೇರಿ ಕಾರ್ಖಾನೆಯಿಂದ ವಿವರಣೆ ಕೇಳಿದೆ. ಅದೇ ಲೈನಿನ ಇನ್ನೂ ಕೆಲವರು ಸಾವಿತ್ರಮ್ಮನ ಪತ್ರವನ್ನು ನೋಡಿಕೊಂಡು ತಮ್ಮ ಅರ್ಜಿ ಬರೆಯುತ್ತಿದ್ದಾರೆ.